ಒಂದೂಕಾಲು ಇಂಚಿನ ಲೆಕ್ಕ

ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಶೆಡ್ಡಿನ ಹಿಂದೆ ಹೋದರೆ ಹೊಟ್ಟಿನ ಚೀಲಗಳಿಂದ ಹಬೆ ಏಳುತ್ತಿತ್ತು. ಬೆಂಕಿ ಬಿದ್ದಿದೆ ಅಂದುಕೊಂಡು ಕೂಗಿದೆ. ದೊಡ್ಡ ಮೇಸ್ತ್ರಿ ಓಡಿ ಬಂದು ಒಂದು ಚೀಲದೊಳಗೆ ಮೊಣಕೈತನಕ ಕೈ ಹಾಕಿ, ಥಟ್ಟನೆ ಹೊರಗೆಳೆದು, "ಬೆಂಕಿ ಅಲ್ಲಕ್ಕ, ಬೇಯಾಕತ್ತೈತಿ" ಅಂದರು. ಹಿಂದಿನ ವಾರದ ಮಳೆಗೆ ನೆನೆದ ಮರದ ಹೊಟ್ಟು ಒಳಗೊಳಗೇ ಕೊಳೆತು ಬಿಸಿಯಾಗಿತ್ತು. ಮೇಲಿನ ಎರಡು ಚೀಲದ ಹೊಲಿಗೆ ಬಿಟ್ಟು ಅಣಬೆ ಬೇರೆ ಎದ್ದಿದ್ದವು. ಎಣಿಸಿದೆ. 43 ಚೀಲ.

ನಮ್ಮದು ದಾವಣಗೆರೆಯಲ್ಲಿ, ಹದಡಿ ರಸ್ತೆ ಕಡೆ, ಒಂದು ಸಣ್ಣ ಫರ್ನಿಚರ್ ಶೆಡ್. ಅಪ್ಪ, ಮೂವರು ಮೇಸ್ತ್ರಿಗಳು, ಇಬ್ಬರು ಹುಡುಗರು. ನಾನು ಬಿ.ಕಾಂ. ಮಾಡಿ, ಎರಡು ವರ್ಷ ಬೆಂಗಳೂರಲ್ಲಿ ಇನ್ಯಾರದೋ ಬಿಲ್ಲು ಬರೆದು, ಈಗ ಇಲ್ಲಿ ನಮ್ಮದೇ ಬಿಲ್ಲು ಬರೆಯುತ್ತೇನೆ. ಮಂಚ, ವಾರ್ಡ್‌ರೋಬ್, ಅಡುಗೆಮನೆ ಕಪಾಟು, ಬಾಗಿಲು, ಇಷ್ಟೇ ನಮ್ಮ ಕೆಲಸ. ದೊಡ್ಡ ಫ್ಯಾಕ್ಟರಿ ಏನಲ್ಲ. ಆದರೂ ಕಸ ನೋಡಿದರೆ ಫ್ಯಾಕ್ಟರಿ ಥರಾನೇ ಇತ್ತು.

ಇಷ್ಟು ಹೊಟ್ಟು ಮುಂಚೆ ಯಾಕೆ ಉಳಿಯುತ್ತಿರಲಿಲ್ಲ ಅಂದರೆ, ಒಯ್ಯುವವರಿದ್ದರು. ಹಿಂದಿನ ಬೀದಿಯ ಅಜ್ಜಿ ವಾರಕ್ಕೆ ಎರಡು ಚೀಲ ಒಯ್ಯುತ್ತಿದ್ದರು. ಅವರ ಮನೆಯಲ್ಲಿ ಹೊಟ್ಟಿನ ಒಲೆ ಇತ್ತು. ನೋಡದೇ ಇರುವವರಿಗೆ ಹೇಳುತ್ತೇನೆ: ಒಂದು ಹಳೇ ಎಣ್ಣೆ ಡಬ್ಬ, ಕೆಳಗೆ ಪಕ್ಕದಲ್ಲಿ ಒಂದು ಕಿಂಡಿ. ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಕಿಂಡಿಯಿಂದ ಅಡ್ಡಕ್ಕೆ ಒಂದು ಕೋಲು ತೂರಿಸಿ ಬಾಟಲಿಗೆ ತಾಗಿಸಿ, ಸುತ್ತ ಹೊಟ್ಟು ಸುರಿದು ಗುದ್ದಿ ಗುದ್ದಿ ತುಂಬಬೇಕು. ಸಡಿಲ ಬಿಟ್ಟರೆ ಉರಿಯುವಾಗ ಕುಸಿಯುತ್ತೆ. ಆಮೇಲೆ ಬಾಟಲಿಯನ್ನು ಮೆಲ್ಲಗೆ ತಿರುವುತ್ತಾ ಮೇಲಕ್ಕೆ ಎಳೆಯಬೇಕು, ಅಜ್ಜಿ ಆಗ ಉಸಿರು ಬಿಗಿಹಿಡಿಯುತ್ತಿದ್ದರು. ಕೋಲನ್ನೂ ಎಳೆದರೆ ಒಳಗೆ ಒಂದು ಕೊಳವೆ ಹಾಗೆ ತೂತು ಉಳಿಯುತ್ತೆ. ಕಿಂಡಿಗೆ ಒಂದು ಕಡ್ಡಿ ಗೀರಿ ಇಟ್ಟರೆ ಸಾಕು, ಅನ್ನ ಸಾರು ಆಗಿ, ನೀರು ಕಾದು, ಇನ್ನೂ ಉರಿಯುತ್ತಿರುತ್ತೆ. ಊದೋದು ಬೇಡ, ಸೌದೆ ನೂಕೋದು ಬೇಡ.

ಈಗ ಅವರ ಮನೆಗೂ ಗ್ಯಾಸ್ ಬಂದಿದೆ. "ಹೊಟ್ಟು ಬ್ಯಾಡವ್ವ ಇನ್ಮ್ಯಾಲೆ, ಸೊಸಿ ಬೈತಾಳ" ಅಂದರು. ಸೊಸೆ ಬೈದದ್ದು ಸರಿಯೇ. ಅದರ ಹೊಗೆ ಕುಡಿದವರಿಗೇ ಗೊತ್ತು.

ನಿಜ ಹೇಳಬೇಕು ಅಂದರೆ, ಅಜ್ಜಿ ಈಗ ಬಂದು ಕೇಳಿದರೂ ನಾನು ಕೊಡುತ್ತಿರಲಿಲ್ಲ. ಇದು ಗೊತ್ತಾಗಿದ್ದು ನಮ್ಮ ಮನೆಯ ಬಚ್ಚಲಲ್ಲಿ.

ನಮ್ಮಲ್ಲಿ ಇನ್ನೂ ನೀರೊಲೆ ಇದೆ, ತಾಮ್ರದ ಹಂಡೆ ಇದೆ. ಮೂವತ್ತು ವರ್ಷದಿಂದ ಶೆಡ್ಡಿನ ತುಂಡುಗಳನ್ನೇ ಉರಿಸಿದ್ದು. ಹಿಂದಿನ ಚಳಿಗಾಲದಲ್ಲಿ ಅಮ್ಮನಿಗೆ ಕೆಮ್ಮು ಶುರುವಾಯಿತು, ಬಿಡಲೇ ಇಲ್ಲ. ಹಂಡೆಯ ತಳದಲ್ಲಿ ಡಾಂಬರಿನ ಥರ ಕಪ್ಪು ಅಂಟು. ಒಂದು ದಿನ ಅಮ್ಮ ಕಣ್ಣೊರೆಸಿಕೊಂಡು ಹೊರಗೆ ಬಂದು, "ಏನ್ ಸುಡಾಕ ತಂದೀರಿ ಇದನ್ನ, ಟೈರ್ ಸುಟ್ಟಂಗ ನಾರ್ತೈತಿ" ಅಂದರು. ಒಲೆಯಲ್ಲಿ ಇದ್ದದ್ದು ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್ ತುಂಡುಗಳು. ಅಪ್ಪನಿಗೆ ಅರ್ಥವೇ ಆಗಲಿಲ್ಲ, ಮೂವತ್ತು ವರ್ಷ ಆಗದ್ದು ಈಗ ಯಾಕಾಯ್ತು ಅಂತ.

ಮೂವತ್ತು ವರ್ಷದ ಹಿಂದೆ ಶೆಡ್ಡಿನಲ್ಲಿ ಇದ್ದದ್ದು ಸಾಗುವಾನಿ, ಹೊನ್ನೆ, ಮತ್ತಿ, ಬೇವು. ಈಗ ಮುಕ್ಕಾಲು ಪಾಲು ಪ್ಲೈ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ್ದು). ಇವು ಮರ ಹೌದು, ಆದರೆ ಮರದ ಜೊತೆ ಅಂಟು. ಒಳಮನೆಗೆ ಹಾಕುವ ಸಾಮಾನ್ಯ ಪ್ಲೈನಲ್ಲಿ, ಅಂದರೆ ಐಎಸ್ 303 ಅನ್ನೋ ಭಾರತೀಯ ಮಾನಕದ ಎಂಆರ್ (ತೇವ ತಡೆಯುವ) ಗ್ರೇಡಿನಲ್ಲಿ, ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ನೀರಿಗೆ ತಡೆಯುವ ಐಎಸ್ 710ರಲ್ಲಿ ಫಿನಾಲ್ ಫಾರ್ಮಾಲ್ಡಿಹೈಡ್. ಮೇಲಿನ ಲ್ಯಾಮಿನೇಟ್ ಅಂತೂ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿದ್ದು. ಇದನ್ನು ಸುಟ್ಟರೆ ಆ ಅಂಟಿನ ಹೊಗೆ ಬಚ್ಚಲಲ್ಲಿ ಸುತ್ತುತ್ತೆ. ನಾನು ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ಮರದ ಧೂಳನ್ನು ಅದಕ್ಕಿಂತ ಮುಂಚೆ, 1995ರಲ್ಲೇ ಅದೇ ಗುಂಪಿಗೆ ಹಾಕಿದ್ದರು. ಬರೀ ಮರದ ಧೂಳು! ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಸುಮ್ನೆ ಕೂತರು. ಮರುದಿನ ಹುಡುಗರಿಬ್ಬರಿಗೂ ಒಳ್ಳೆ ಮಾಸ್ಕ್ ಬಂತು. ಅಪ್ಪ ಇನ್ನೂ ಟವೆಲ್ಲೇ ಕಟ್ಟಿಕೊಳ್ಳುತ್ತಾರೆ, ಆ ಜಗಳ ನಡೆಯುತ್ತಲೇ ಇದೆ.

ಅವತ್ತಿಂದ ತುಂಡು ಬೇರೆ ಮಾಡಲು ಶುರು ಮಾಡಿದೆವು. ಗಟ್ಟಿಮರ ಒಂದು ಮೂಲೆ, ಪ್ಲೈ-ಬೋರ್ಡು ಇನ್ನೊಂದು ಮೂಲೆ. ತುಂಡು ಬೇರೆ ಮಾಡೋದು ಸುಲಭ, ಹೊಟ್ಟು ಬೇರೆ ಮಾಡೋದು ಕಷ್ಟ. ಇರುವುದು ಒಂದೇ ಟೇಬಲ್ ಗರಗಸ. ಬೆಳಿಗ್ಗೆ ಸಾಗುವಾನಿ ಕೊಯ್ದು ಮಧ್ಯಾಹ್ನ ಎಂಡಿಎಫ್ ಕೊಯ್ದರೆ ಕೆಳಗೆ ಬೀಳೋದೆಲ್ಲ ಒಂದೇ ಗುಡ್ಡೆ. ಪ್ರತಿ ಸಲ ಗುಡಿಸಿ ಅಂದರೆ ಮೇಸ್ತ್ರಿಗಳು ಮುಖ ನೋಡುತ್ತಾರೆ. ಕೊನೆಗೆ ವಾರಕ್ಕೆ ಎರಡು ದಿನ ಗಟ್ಟಿಮರ ಮಾತ್ರ ಕೊಯ್ಯೋದು ಅಂತ ಮಾಡಿಕೊಂಡೆವು, ಸೋಮವಾರ ಮತ್ತು ಮಂಗಳವಾರ. ಭಾನುವಾರ ಸಂಜೆ ಒಂದು ಸಲ ಪೂರ್ತಿ ಗುಡಿಸಿದರೆ ಆಯಿತು. ಇಷ್ಟು ಸಣ್ಣ ವಿಷಯಕ್ಕೆ ಆರು ತಿಂಗಳು ಬೇಕಾಯಿತು, ನಂಬ್ತೀರೋ ಇಲ್ವೋ.

ಈಗ ಗಟ್ಟಿಮರದ ಚೂರುಗಳನ್ನು ಒಂದು ಬೆಣ್ಣೆದೋಸೆ ಹೋಟೆಲಿನವರು ಒಯ್ಯುತ್ತಾರೆ. ಅವರದು ಸೌದೆ ಒಲೆ. ಚೀಲ ಬಿಚ್ಚಿ, ಕೈಯಾಡಿಸಿ, "ಪ್ಲೈ ಇಲ್ಲ ತಾನೇ?" ಅಂತ ಪ್ರತಿ ಸಲ ಕೇಳುತ್ತಾರೆ. ನನಗೆ ಅದು ಇಷ್ಟ. ಒಣಗಿದ ಶುದ್ಧ ಹೊಟ್ಟು ಹರಿಹರದ ಕಡೆಯ ಒಬ್ಬ ಕೋಳಿಫಾರ್ಮಿನವರಿಗೆ, ಮರಿಗಳ ಕೆಳಗೆ ಹಾಸಲು. ಒದ್ದೆಯಾದರೆ ಅವರಿಗೆ ಬೇಡ, ಬೂಸಲು ಬಂದರೆ ಮರಿ ಸಾಯುತ್ತವೆ. ಮಂಡಕ್ಕಿ ಭಟ್ಟಿಯವರನ್ನೂ ಕೇಳಿದೆ. "ನಮಗ ಭತ್ತದ ಹೊಟ್ಟೇ ಬೇಕಾದಷ್ಟು ಐತ್ರೀ" ಅಂದುಬಿಟ್ಟರು. ಪ್ಲೈ ಮತ್ತು ಎಂಡಿಎಫ್ ಧೂಳಿಗೆ ಮಾತ್ರ ಇನ್ನೂ ದಾರಿ ಕಂಡಿಲ್ಲ. ಚೀಲ ಕಟ್ಟಿ ಕಸದ ಗಾಡಿಗೆ ಹಾಕುತ್ತೇವೆ. ಇಲ್ಲಿ ದೊಡ್ಡ ಮಾತು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ನಡುವೆ ಒಂದು ಎಡವಟ್ಟೂ ಆಯಿತು. ಹೊಟ್ಟು ಒಳ್ಳೆ ಗೊಬ್ಬರ ಅಂತ ಯಾರೋ ಹೇಳಿದ್ದನ್ನು ನಂಬಿ ಟೆರೇಸಿನ ಮೆಣಸಿನ ಗಿಡಗಳ ಕುಂಡಕ್ಕೆಲ್ಲ ಹಸಿ ಹೊಟ್ಟು ಬೆರೆಸಿದೆ. ಹದಿನೈದು ದಿನಕ್ಕೆ ಎಲೆಯೆಲ್ಲ ಹಳದಿ. ಕೃಷಿ ಓದಿದ ನನ್ನ ಚಿಕ್ಕಪ್ಪನ ಮಗಳು ಫೋನಿನಲ್ಲೇ ನಕ್ಕಳು. ಹೊಟ್ಟಿನಲ್ಲಿ ಸಾರಜನಕಕ್ಕಿಂತ ಇಂಗಾಲ ನೂರಾರು ಪಟ್ಟು ಜಾಸ್ತಿ, ಚೆನ್ನಾಗಿ ಕೊಳೆಯಬೇಕಾದರೆ 30ಕ್ಕೆ 1ರ ಹತ್ತಿರ ಇರಬೇಕು, ಇಲ್ಲದಿದ್ದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಪವಾಸ. ಸಗಣಿ, ಗಂಜಲ ಬೆರೆಸಿ ತಿಂಗಳುಗಟ್ಟಲೆ ಕೊಳೆಹಾಕಿ ಆಮೇಲೆ ಹಾಕು ಅಂದಳು. ಹಬೆ ಎದ್ದ 43 ಚೀಲ ಕೊನೆಗೆ ಹೋದದ್ದು ಅವರ ತೋಟದ ತಿಪ್ಪೆಗೇ. ಪುಣ್ಯಕ್ಕೆ ಅವು ಗಟ್ಟಿಮರದ ಹೊಟ್ಟು.

ಇಷ್ಟೆಲ್ಲ ಆದಮೇಲೆ ನನಗೆ ಅನ್ನಿಸಿದ್ದು, ನಾವು ಕಸ ಎಲ್ಲಿಗೆ ಹೋಗುತ್ತೆ ಅಂತಲೇ ಓಡಾಡುತ್ತಿದ್ದೇವೆ, ಎಲ್ಲಿಂದ ಬರುತ್ತೆ ಅಂತ ನೋಡಿಯೇ ಇಲ್ಲ. ಲೆಕ್ಕ ಬರೆಯುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಒಂದು ನೋಟ್‌ಬುಕ್ ತೆಗೆದೆ. ಗೇಣಿಗಿಂತ ದೊಡ್ಡದಾಗಿ ಉಳಿದ ಪ್ರತಿ ತುಂಡಿನ ಮೇಲೂ ಪೆನ್ಸಿಲಿನಲ್ಲಿ ಆರ್ಡರ್ ನಂಬರ್ ಹಾಕಬೇಕು ಅಂದೆ. ಮೇಸ್ತ್ರಿಗಳು "ಅಕ್ಕ ಇನ್ನ ಕಸಕ್ಕೂ ಬಿಲ್ ಮಾಡ್ತಾಳ" ಅಂತ ನಕ್ಕರು, ಆದರೆ ಹಾಕಿದರು. ಎರಡು ತಿಂಗಳಾದ ಮೇಲೆ ತುಂಡುಗಳನ್ನು ಆರ್ಡರ್ ಪ್ರಕಾರ ಗುಡ್ಡೆ ಮಾಡಿದೆವು. ಕೆಲವು ಗುಡ್ಡೆ ಮೊಣಕಾಲೆತ್ತರ. ಕೆಲವು ಒಂದು ಬುಟ್ಟಿಯೂ ತುಂಬಲಿಲ್ಲ. ಕೆಲಸ ಒಂದೇ ಥರದ್ದು, ಮಾಡಿದ ಕೈಗಳೂ ಅವೇ. ಬೇರೆ ಇದ್ದದ್ದು ಅಳತೆ ಮಾತ್ರ.

ಪ್ಲೈ ಶೀಟು 8 ಅಡಿ ಉದ್ದ, 4 ಅಡಿ ಅಗಲ. 4 ಅಡಿ ಅಂದರೆ 48 ಇಂಚು. ವಾರ್ಡ್‌ರೋಬಿನ ಆಳ ಎರಡಡಿ ಅಂತ ಎಲ್ಲರೂ ಹೇಳುತ್ತಾರೆ, 24 ಇಂಚಿನ ಎರಡು ಪಟ್ಟಿ ಬರುತ್ತೆ ಅಂತ ನಾವೂ ತಲೆಯಾಡಿಸುತ್ತೇವೆ. ಬರಲ್ಲ. ಗರಗಸದ ಬ್ಲೇಡು ತಾನೂ ಮೂರ್ನಾಲ್ಕು ಮಿಲಿಮೀಟರ್ ತಿನ್ನುತ್ತೆ. ಅದಕ್ಕೇ ದೊಡ್ಡ ಮೇಸ್ತ್ರಿ ಯಾವಾಗಲೂ 23 ಮುಕ್ಕಾಲು ಇಂಚು ಹಿಡಿಯುತ್ತಾರೆ. ಅಂಚು ಚೊಕ್ಕ ಮಾಡಲೂ ಅದರಲ್ಲೇ ಒಂಚೂರು ಜಾಗ ಸಿಗುತ್ತೆ.

ಈಗ ಕೇಳಿ. ಒಬ್ಬರು ಮೂರು ಬಾಗಿಲಿನ ವಾರ್ಡ್‌ರೋಬ್ ಕೇಳಿಕೊಂಡು ಬಂದರು. ಎತ್ತರ 7 ಅಡಿ, ಆಳ 25 ಇಂಚೇ ಬೇಕು. ಯಾಕೆ ಅಂದರೆ ಅವರ ಅಕ್ಕನ ಮನೆಯಲ್ಲಿ 25 ಇದೆ. ಮೂರು ಬಾಗಿಲಿನದಕ್ಕೆ ನಿಲುವು ಹಲಗೆ ನಾಲ್ಕು ಬೇಕು, ಹೊರಗಿನ ಎರಡು, ನಡುವಿನ ಎರಡು. 23 ಮುಕ್ಕಾಲಿಗೆ ಒಪ್ಪಿದರೆ ಒಂದು ಶೀಟಿನಲ್ಲಿ ಎರಡು ಹಲಗೆ, ನಾಲ್ಕಕ್ಕೆ ಎರಡು ಶೀಟು ಮುಗಿಯಿತು. 25 ಅಂದರೆ ಒಂದು ಶೀಟಿನಲ್ಲಿ ಒಂದೇ ಹಲಗೆ. ನಾಲ್ಕಕ್ಕೆ ನಾಲ್ಕು ಶೀಟು. ಪ್ರತಿ ಶೀಟಿನಿಂದ ಎಂಟಡಿ ಉದ್ದದ, 23 ಇಂಚಿಗೂ ಕಡಿಮೆ ಅಗಲದ ಒಂದು ಪಟ್ಟಿ ಉಳಿಯುತ್ತೆ. ಒಳಗಿನ ಅರೆಗಳಿಗೆ ಅದರಲ್ಲಿ ಒಂದಷ್ಟು ಹೋಗುತ್ತೆ, ಉಳಿದದ್ದು ಗೋಡೆಗೆ ಒರಗಿಕೊಂಡು ವರ್ಷಗಟ್ಟಲೆ ನಿಲ್ಲುತ್ತೆ, ಕೊನೆಗೆ ಒಂದಿನ ಗೆದ್ದಲು ಹಿಡಿಯುತ್ತೆ. ಒಂದೂಕಾಲು ಇಂಚಿಗೆ ಎರಡು ಶೀಟು ಜಾಸ್ತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದುಡ್ಡಿಗೆ ಹೇಳುತ್ತೇವೆ, ಪ್ಲೈ ಶೀಟಿಗೆ ಯಾರೂ ಹೇಳಲ್ಲ.

ಲ್ಯಾಮಿನೇಟ್ ಆರಿಸುವಾಗಲೂ ಹೀಗೇ. ಮರದ ಗೆರೆ ಇರುವ ಡಿಸೈನ್ ತಗೊಂಡರೆ ಎಲ್ಲಾ ತುಂಡೂ ಒಂದೇ ದಿಕ್ಕಿಗೆ ಬರಬೇಕು, ಅಡ್ಡ ತಿರುಗಿಸಿ ಜಾಗ ತುಂಬುವ ಹಾಗಿಲ್ಲ. ಗೆರೆಯಿಲ್ಲದ ಸಾದಾ ಬಣ್ಣ ಆದರೆ ಹೇಗೆ ಬೇಕಾದರೂ ಕೂರಿಸಬಹುದು. ಇದನ್ನು ಗಿರಾಕಿಗೆ ಯಾವ ಅಂಗಡಿಯವರೂ ಹೇಳಿದ್ದು ನಾನು ಕೇಳಿಲ್ಲ. ನಾವೂ ಹೇಳುತ್ತಿರಲಿಲ್ಲ, ಅದೂ ನಿಜ.

ಫೋನಿನಲ್ಲಿ ಇದಕ್ಕೆ ಆ್ಯಪ್‌ಗಳಿವೆ. ಬೇಕಾದ ತುಂಡುಗಳ ಅಳತೆ ಹಾಕಿದರೆ ಯಾವುದನ್ನು ಎಲ್ಲಿ ಕೊಯ್ಯಬೇಕು ಅಂತ ಚಿತ್ರ ಬರೆದು ಕೊಡುತ್ತೆ. ದೊಡ್ಡ ಮೇಸ್ತ್ರಿ ಮಾತ್ರ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಒಂದಡಿಗೆ ಒಂದು ಗೇಣಿನ ಲೆಕ್ಕದಲ್ಲಿ, ಶೀಟು ಬರೆದು ಒಳಗೆ ತುಂಡು ಕೂರಿಸುತ್ತಾರೆ. ಹತ್ತಕ್ಕೆ ಎಂಟು ಸಲ ಅವರದೂ ಆ್ಯಪ್‌ದೂ ಒಂದೇ ಉತ್ತರ. ಒಮ್ಮೆ ಆ್ಯಪ್ ಅರ್ಧ ಶೀಟು ಉಳಿಸಿತು. ಅವರು ಫೋನನ್ನು ಹತ್ತು ನಿಮಿಷ ನೋಡಿ, ಏನೂ ಹೇಳದೆ, ಕಾಲಲ್ಲಿ ನೆಲದ ಗೆರೆ ಅಳಿಸಿ, ಹೊಸದಾಗಿ ಬರೆದುಕೊಂಡರು. ಇನ್ನೊಮ್ಮೆ ಆ್ಯಪ್ ಗೆರೆಯ ದಿಕ್ಕು ಮರೆತಿತ್ತು. ಅವತ್ತು ಅವರ ಖುಷಿ ನೋಡಬೇಕಿತ್ತು. ದಿಕ್ಕು ಹಾಕಲು ಮರೆತವಳು ನಾನು ಅಂತ ಹೇಳಲಿಲ್ಲ.

ಈ ಶೀಟಿನ ಲೆಕ್ಕ ಅಪ್ಪನಿಗೆ ತೋರಿಸಿದಾಗ ಅವರು, ಇದೇನು ಹೊಸದಾ ಅಂತ ದುಂಡುಮರದ ಲೆಕ್ಕ ಹೇಳಿದರು. ಟಿಂಬರ್ ಅಂಗಡಿಯಲ್ಲಿ ದಿಮ್ಮಿ ಅಳೆಯುವುದು ಸುತ್ತಳತೆಯ ಕಾಲುಭಾಗದಿಂದ. ಸುತ್ತು 48 ಇಂಚು, ಉದ್ದ 10 ಅಡಿ ಅಂದುಕೊಳ್ಳಿ. ಸುತ್ತಿನ ಕಾಲು ಭಾಗ 12 ಇಂಚು, ಅಂದರೆ 1 ಅಡಿ. ಒಂದು ಇಂಟು ಒಂದು ಇಂಟು ಹತ್ತು, 10 ಸಿಎಫ್‌ಟಿ, ಅಂದರೆ ಘನ ಅಡಿ. ನನ್ನ ಹೈಸ್ಕೂಲ್ ಗಣಿತ ಎದ್ದು ಕೂತಿತು. ದುಂಡಿನ ಲೆಕ್ಕ ಸರಿಯಾಗಿ ಮಾಡಿದರೆ ಆ ದಿಮ್ಮಿಯಲ್ಲಿ 12.7 ಸಿಎಫ್‌ಟಿ ಮರ ಇದೆ. "ಅಪ್ಪ, ಅವರಿಗೆ ಲಾಸ್ ಅಲ್ವಾ?" ಅಂದೆ. "ಕೊಯ್ದು ನೋಡು" ಅಂದರು. ಆ ದಿಮ್ಮಿಯಿಂದ ತೆಗೆಯಬಹುದಾದ ಅತಿ ದೊಡ್ಡ ಚೌಕ ಕಂಬ ಲೆಕ್ಕ ಹಾಕಿದೆ. ಬರೀ 8.1! ದುಂಡಿನ ಒಳಗೆ ಚೌಕ ಕೂರಿಸಿದರೆ ನೂರಕ್ಕೆ 64 ಮಾತ್ರ ಸಿಗೋದು, ಮರ ಎಷ್ಟೇ ನೆಟ್ಟಗಿರಲಿ. ಅಂದರೆ ಸಿಪ್ಪೆ ಹೋಗುತ್ತೆ, ಹೊರಚಕ್ಕೆ ಹೋಗುತ್ತೆ ಅಂತ ಗೊತ್ತಿದ್ದೇ ಆ ಅಳತೆ ಮಾಡಿದ್ದಾರೆ. ಆಮೇಲೆ ಒಂದಿಂಚಿನ ಹಲಗೆ ಕೊಯ್ಯುತ್ತಾ ಹೋದರೆ, 3 ಮಿಲಿಮೀಟರ್ ಬ್ಲೇಡಿನಲ್ಲೂ ಹತ್ತರಲ್ಲಿ ಒಂದು ಪಾಲು ಹೊಟ್ಟು. ಅಂದರೆ ಎರಡಿಂಚಿನ ಹಲಗೆ ಸಾಕಾಗುವ ಕಡೆ ಅದನ್ನು ಸೀಳಿ ಎರಡು ಮಾಡಿ ಮತ್ತೆ ಅಂಟಿಸುವ ಕೆಲಸ ಶುದ್ಧ ದಂಡ. ನಾವು ಅದನ್ನೂ ಮಾಡಿದ್ದೇವೆ.

ಹಳೇ ಮರದ ವಿಷಯ ಸ್ವಲ್ಪದರಲ್ಲೇ ಮುಗಿಸುತ್ತೇನೆ, ಯಾಕೆಂದರೆ ಅದರ ಬಗ್ಗೆ ಎಲ್ಲರೂ ಚೆಂದ ಚೆಂದ ಮಾತಾಡುತ್ತಾರೆ. ಹಳೇ ಮನೆ ಕೆಡವಿದಾಗ ಬರುವ ತೊಲೆ, ಜಂತೆ, ಬಾಗಿಲ ಚೌಕಟ್ಟು ಅದ್ಭುತವಾದ ಮರ. ಹತ್ತಾರು ವರ್ಷ ಒಣಗಿ ಒಣಗಿ ಇನ್ನು ಸೊಟ್ಟಗಾಗೋದೇ ಇಲ್ಲ. ಆದರೆ ಒಳಗೆ ಮುರಿದ ಮೊಳೆ ಇರುತ್ತೆ. ನಮ್ಮ ಪ್ಲೇನಿಂಗ್ ಮಷೀನಿನ ಬ್ಲೇಡು ಮೊದಲ ತೊಲೆಗೇ ಹಲ್ಲು ಕಳೆದುಕೊಂಡಿತು. ಈಗ ಆಯಸ್ಕಾಂತ ಹಿಡಿದು ಇಂಚಿಂಚೂ ಸವರಿ, ಮೊಳೆ ಕಿತ್ತು, ಆಮೇಲೆ ಮಷೀನಿಗೆ ಕೊಡುತ್ತೇವೆ. ಈ ಕೂಲಿ ಸೇರಿಸಿದರೆ ಅಗ್ಗ ಏನಲ್ಲ. ಅಗ್ಗ ಅಂತ ಯಾರಾದರೂ ಮಾರುತ್ತಿದ್ದರೆ ಮೊಳೆ ಕಿತ್ತಿರಲ್ಲ ಅಷ್ಟೇ.

ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅಪ್ಪ ಅವರ ಹೊಸ ಟೀಪಾಯಿಯನ್ನು ಬೆರಳಿನಲ್ಲಿ ಕುಟ್ಟಿ, "ಒಳಗ ಖಾಲಿ ಐತಲ್ಲ!" ಅಂತ ನಕ್ಕರು. ಅದರೊಳಗೆ ಇರೋದು ಜೇನುಗೂಡಿನ ಥರ ಮಡಚಿದ ಕಾಗದ, ಮೇಲೆ ಕೆಳಗೆ ತೆಳು ಹಲಗೆ ಅಂತ ತೋರಿಸಿದೆ. ಅಪ್ಪ ಅದನ್ನು ಒಂದು ಕೈಯಲ್ಲಿ ಎತ್ತಿದರು. ಮತ್ತೆ ಇಟ್ಟರು. ಕೂತು ನೋಡಿದರು. "ಬುದ್ಧಿವಂತರು" ಅಂದರು. ಊರಿಗೆ ಬರುವ ಬಸ್ಸಿನಲ್ಲಿ, ಚಿತ್ರದುರ್ಗ ದಾಟಿದ ಮೇಲೆ, ಇದ್ದಕ್ಕಿದ್ದ ಹಾಗೆ, "ಆದ್ರ ಕಾಲು ಮುರಿದ್ರ ಯಾರು ಕಟ್ಟಿ ಕೊಡ್ತಾರ?" ಅಂದರು. ಅಲ್ಲಿವರೆಗೂ ಅದನ್ನೇ ಯೋಚಿಸುತ್ತಿದ್ದರು ಅಂತ ಕಾಣುತ್ತೆ.

ನನಗೂ ಅದು ಹೌದು ಅನ್ನಿಸುತ್ತೆ, ಪೂರ್ತಿ ಅಲ್ಲ. ನಾವು ಮಾಡುವ ಪಾರ್ಟಿಕಲ್ ಬೋರ್ಡಿನ ಕಪಾಟಿನಲ್ಲೂ ಒಮ್ಮೆ ಸ್ಕ್ರೂ ಕಿತ್ತುಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯಲ್ಲ. ಅಪ್ಪ ಹಿಂದೆ ಮಾಡಿದ ಕುರ್ಚಿಗಳು ಈಗಲೂ ರಿಪೇರಿಗೆ ಬರುತ್ತವೆ. ಅವಕ್ಕೆ ಬಿದಿರಿನ ಮೊಳೆ. ಬಂಬೂ ಬಜಾರಿನಿಂದ ತಂದ ಬಿದಿರು ಸೀಳಿ, ಚೂಪು ಮಾಡಿ, ಜೋಡಣೆಯ ಅಡ್ಡಕ್ಕೆ ಹೊಡೆದದ್ದು. ಆ ಮೊಳೆ ಕೊರೆದು ತೆಗೆದರೆ ಕುರ್ಚಿ ತುಂಡು ತುಂಡಾಗಿ ಬಿಚ್ಚುತ್ತೆ, ಒಂದು ಕಾಲು ಬದಲಿಸಿ ಮತ್ತೆ ಕೂಡಿಸಬಹುದು. ಹೋದ ತಿಂಗಳು ಹಾಗೆ ಒಂದು ಬಂತು. ಅದರ ಹೊಸ ಕಾಲಿಗೆ ಮರ ಎಲ್ಲಿಂದ ಬಂತು ಅಂದರೆ, ಗೋಡೆಗೆ ಒರಗಿದ್ದ ಹಳೇ ತೊಲೆಯ ತುಂಡಿನಿಂದ.

ಅಂದಹಾಗೆ, ಉಳಿದ ತುಂಡು ಯಾರದು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಹಳೇದು. ತಾತ ಜಗಳೂರು ಕಡೆ ಹಳ್ಳಿಯಲ್ಲಿ ಆಯಕ್ಕೆ ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರು, ವರ್ಷವಿಡೀ ನೇಗಿಲು, ಕುಂಟೆ, ಗಾಡಿ ಕೆಲಸ. ಮರ ರೈತರದೇ, ಜಾಲಿಯೋ ಬೇವೋ ಕಡಿದು ತರುತ್ತಿದ್ದರು. ಬಾಚಿಯಲ್ಲಿ ಕೆತ್ತುವಾಗ ಬಿದ್ದ ಚಕ್ಕೆ ಯಾರ ಒಲೆಗೆ ಅಂತ ದಿನಾ ಜಗಳ. ದೊಡ್ಡ ತುಂಡು ಉಳಿದರೆ ತಾತ ಅದರಲ್ಲಿ ಲಟ್ಟಣಿಗೆಯೋ ಬುಗುರಿಯೋ ಮಾಡಿ ಮರದವರ ಮನೆಯ ಮಕ್ಕಳಿಗೇ ಕೊಟ್ಟುಬಿಡುತ್ತಿದ್ದರಂತೆ, ಜಗಳ ಅಲ್ಲಿಗೆ ನಿಲ್ಲುತ್ತಿತ್ತು.

ಆ 25 ಇಂಚಿನವರ ಕಥೆಗೆ ಬರುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಶೀಟು ಬರೆದು ತೋರಿಸಿದೆ. ಅವರು ನಂಬಲಿಲ್ಲ. ಮರುದಿನ ಮನೆಯಿಂದ ಬಟ್ಟೆ ಹ್ಯಾಂಗರ್ ತಂದರು. ಅಳೆದೆವು, ಹದಿನೇಳೂವರೆ ಇಂಚು. 23 ಮುಕ್ಕಾಲಿನೊಳಗೆ ಅಡ್ಡಾಡಿಕೊಂಡು ಕೂರುತ್ತೆ. ಒಪ್ಪಿದರು. ಆ ಎರಡು ಶೀಟಿನ ತುದಿಯಲ್ಲಿ, ಎಂಟಡಿಯಲ್ಲಿ ಏಳಡಿ ಹೋಗಿ, ಒಂದೊಂದು ಅಡಿಯ ತುಂಡು ಉಳಿದವು. ನಾನು ಅವನ್ನು ಡ್ರಾಯರಿಗೆ ಅಂತ ಎತ್ತಿಡುತ್ತಿದ್ದೆ.

"ಅವು ನಮ್ಮವಲ್ವಾ? ದುಡ್ಡು ಕೊಟ್ಟಿದೀವಿ" ಅಂದರು. ನಿಜ, ಅವರವೇ. ಶೀಟಿನ ಲೆಕ್ಕ ಅಷ್ಟು ವಿವರವಾಗಿ ಕಲಿಸಿಕೊಟ್ಟವಳು ನಾನೇ. ಹಗ್ಗ ಕಟ್ಟಿ ಆಟೋದಲ್ಲಿ ಹಾಕಿಸಿ ಕಳಿಸಿದೆ.

ಎರಡು ವಾರದ ಮೇಲೆ ಅವರ ಯಜಮಾನರು ಸ್ಕೂಟರಿನಲ್ಲಿ ಬಂದರು. ಮುಂದೆ ಕಾಲಿಡುವ ಜಾಗದಲ್ಲಿ ಅವೇ ತುಂಡುಗಳು, ಅದೇ ಹಗ್ಗ, ಬಿಚ್ಚಿಯೇ ಇರಲಿಲ್ಲ. "ಮಂಚದ ಕೆಳಗೂ ಜಾಗ ಇಲ್ಲಕ್ಕ, ನೀವೇ ಇಟ್ಕೊಳ್ಳಿ" ಅಂದರು. ದೊಡ್ಡ ಮೇಸ್ತ್ರಿ ಇಳಿಸಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು, "ಈಗ ಇದಕ್ಕೆ ಯಾವ ನಂಬರ್ ಹಾಕ್ಲಿ?" ಅಂತ ನನ್ನ ಮುಖ ನೋಡಿದರು.